ಫ್ರಿಜ್ಜಿನಲ್ಲಿ ಮೂರು ಆಣೆಕಲ್ಲು

ನಮ್ಮ ಗಂಗಾವತಿ ಸೀಮೆಯಲ್ಲಿ ಆಲಿಕಲ್ಲಿಗೆ ಆಣೆಕಲ್ಲು ಎನ್ನುವವರಿದ್ದಾರೆ. ಹೆಸರಿನಲ್ಲೇ ಆಣೆಯಿದ್ದರೂ ಕಚೇರಿಯಲ್ಲಿ ಅದನ್ನು ನಂಬುವವರಿಲ್ಲ.

ಭರಣಿ ಮಳೆಯ ಒಂದು ಸಂಜೆ ಭಾವನ ನಾಲ್ಕು ಎಕರೆ ಸೋನಾ ಮಸೂರಿ ಕೊಯ್ಲಿಗೆ ನಿಂತಿತ್ತು. ಕಟಾವು ಯಂತ್ರದವನು ಬೆಳಿಗ್ಗೆ ಬರುತ್ತೇನೆ ಎಂದಿದ್ದ. ಅವನಿಗಿಂತ ಮೊದಲು ಮೋಡ ಬಂತು. ಹೆಚ್ಚೆಂದರೆ ಹತ್ತು ನಿಮಿಷ. ನಿಂತ ಮೇಲೆ ನೋಡಿದರೆ ತೆನೆಯಲ್ಲಿ ಕಾಳಿಲ್ಲ, ಕೆಸರಿನ ತುಂಬ ಭತ್ತ, ಭತ್ತದ ನಡುವೆ ಅಡಿಕೆ ಗಾತ್ರದ ಕಲ್ಲುಗಳು. ಭಾವ ಬದುವಿನ ಮೇಲೆ ಕುಳಿತುಬಿಟ್ಟರು. ಅಕ್ಕ ಮಾತ್ರ ಸೆರಗಿನಲ್ಲಿ ಒಂದಿಷ್ಟು ಕಲ್ಲು ಆಯ್ದು ತಂದು, ದಪ್ಪನೆಯ ಮೂರನ್ನು ಉಪ್ಪಿನಕಾಯಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟಳು.

“ಇದೇನಕ್ಕಾ?” ಎಂದೆ.

“ಸಾಹೇಬರು ಬಂದು ಕಲ್ಲೆಲ್ಲಿ ಎಂದರೆ ನಿನ್ನನ್ನು ತೋರಿಸಲೇನಪ್ಪಾ?” ಎಂದಳು.

ಅವಳ ಮಾತು ಸುಳ್ಳಲ್ಲ. ಬೆಳೆ ವಿಮೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕಲ್ಲಿಗೆ ಈ ನಿಯಮ ಗೊತ್ತಿಲ್ಲ, ಅದು ಅರ್ಧ ಗಂಟೆಯಲ್ಲಿ ಕರಗುತ್ತದೆ. ಸರ್ಕಾರದ ಪರಿಹಾರ ಬೇಕೆಂದರೆ ಮೂರರಲ್ಲಿ ಒಂದು ಪಾಲಾದರೂ ಬೆಳೆ ಹಾಳಾಗಿರಬೇಕು. ಕೇಂದ್ರದ 2022–26ರ ವಿಪತ್ತು ಪರಿಹಾರ ನಿಯಮದಲ್ಲಿ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಭಾಗಿಸಿದರೆ ಏಳು ಸಾವಿರವೂ ಮುಟ್ಟುವುದಿಲ್ಲ.

ಫ್ರೀಜರಿಗೂ ಮೋಡಕ್ಕೂ ಹಳೆಯ ನಂಟಿದೆ. ಮೋಡ ಬಿತ್ತನೆ ಹುಟ್ಟಿದ್ದೇ ಫ್ರೀಜರಿನಲ್ಲಿ. 1946ರ ಜುಲೈನಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ತನ್ನ ಫ್ರೀಜರ್ ಸಾಕಷ್ಟು ತಣ್ಣಗಿಲ್ಲವೆಂದು ಅದರೊಳಗೆ ಒಣ ಮಂಜಿನ, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡಿನ, ತುಂಡು ಹಾಕಿದ. ಒಳಗಿದ್ದ ಉಸಿರಿನ ಹಬೆಯಲ್ಲಿ ಮಂಜಿನ ಹರಳುಗಳು ಮಿಂಚಿದವು. ಅದೇ ವರ್ಷ ಬರ್ನಾರ್ಡ್ ವಾನೆಗಟ್ ಇದೇ ಕೆಲಸಕ್ಕೆ ಸಿಲ್ವರ್ ಅಯೊಡೈಡ್ ಎಂಬ ಬೆಳ್ಳಿಯ ಲವಣವನ್ನು ಹುಡುಕಿದ. ಅದರ ಹರಳಿನ ರಚನೆ ಮಂಜುಗಡ್ಡೆಯನ್ನೇ ಹೋಲುತ್ತದೆ. ಶೂನ್ಯಕ್ಕಿಂತ ಕೆಳಗಿಳಿದರೂ ಹೆಪ್ಪುಗಟ್ಟದೆ ಹಟ ಹಿಡಿದ ಮೋಡದ ಹನಿಗಳು ಅದನ್ನು ತಮ್ಮವನೇ ಎಂದು ತಿಳಿದು ಮೋಸಹೋಗಿ ಅದಕ್ಕೇ ಅಂಟಿ ಹೆಪ್ಪುಗಟ್ಟುತ್ತವೆ. ಚುನಾವಣೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕವೂ ಹಿಂದೆ ಬೀಳಲಿಲ್ಲ. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂಬ ಮೋಡ ಬಿತ್ತನೆ ಯೋಜನೆಗಳು. ಹೆಸರಿಡುವುದರಲ್ಲಿ ನಮಗೆಂದೂ ಬರಗಾಲವಿಲ್ಲ. ಭಾವ ಬೀಜಕ್ಕೆ ಪಹಣಿ, ಆಧಾರ್ ಹಿಡಿದು ಸರದಿಯಲ್ಲಿ ನಿಲ್ಲುತ್ತಾರೆ. ಮೋಡಕ್ಕೆ ಸರ್ವೆ ನಂಬರ್ ಕೂಡ ಇಲ್ಲ, ಆದರೂ ಬೀಜ ವಿಮಾನದಲ್ಲಿ ಅದರ ಮನೆ ಬಾಗಿಲಿಗೇ ಹೋಗುತ್ತದೆ. ಅದೂ ಆಗಸ್ಟ್‌ನಲ್ಲಿ, ಮುಂಗಾರು ತಾನಾಗಿಯೇ ಬರುವ ಕಾಲದಲ್ಲಿ. ಬೇರೆ ದಾರಿಯಿಲ್ಲ ಬಿಡಿ, ಬಿತ್ತಲು ಮೊದಲು ಮೋಡವಿರಬೇಕು. ನಮ್ಮ ಏಪ್ರಿಲ್‌ನ ಬರಿ ಬಿಸಿಲಿನಲ್ಲಿ ಬಿತ್ತಿದರೆ ಬಿಸಿಲೇ ಬೆಳೆಯುತ್ತದೆ. ಹಾಗಾಗಿ ಮಳೆ ಬಂದರೆ ಯೋಜನೆಯ ಯಶಸ್ಸು, ಬರದಿದ್ದರೆ ಮೋಡದ ಅಸಹಕಾರ.

ನಿಜವಾದ ವಿಜ್ಞಾನಿಗಳು ಇಷ್ಟು ಸುಲಭಕ್ಕೆ ಬೀಗುವುದಿಲ್ಲ. ಪುಣೆಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಇಲ್ಲೇ ಪಕ್ಕದ ಸೊಲ್ಲಾಪುರದಲ್ಲಿ 276 ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತಿ, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿದರು. ಸರಾಸರಿ ಸುಮಾರು ಶೇಕಡಾ 18ರಷ್ಟು ಹೆಚ್ಚು ಮಳೆ ಕಂಡಿತು. ಬಿತ್ತದೆ ಬಿಟ್ಟ ಮೋಡಗಳಿದ್ದುದರಿಂದಲೇ ಆ ಲೆಕ್ಕ ಸಿಕ್ಕಿತು. ಒಂದು ಮೋಡವನ್ನು ಸುಮ್ಮನೆ ಬಿಡುವುದೆಂದರೆ ಒಂದು ಬಿಲ್ಲಿನ ಹಣ ಬಿಟ್ಟಂತೆ. ಅಂಥ ತ್ಯಾಗ ಎಲ್ಲರಿಂದಲೂ ಆಗುವುದಿಲ್ಲ.

ಆಲಿಕಲ್ಲನ್ನು ತಡೆಯಲೂ ಇದೇ ಸಿಲ್ವರ್ ಅಯೊಡೈಡ್ ಎರಚುವವರಿದ್ದಾರೆ. ಬೀಜ ಹೆಚ್ಚಾದರೆ ಇದ್ದ ನೀರು ಎಲ್ಲಕ್ಕೂ ಹಂಚಿಹೋಗಿ ಯಾವ ಕಲ್ಲೂ ದಪ್ಪಗಾಗುವುದಿಲ್ಲ ಎಂಬುದು ವಾದ. ಹಂಚಿಕೊಂಡು ತಿಂದರೆ ಯಾರೂ ದಪ್ಪಗಾಗುವುದಿಲ್ಲ ಎಂಬುದನ್ನು ನಮ್ಮ ಗುತ್ತಿಗೆದಾರರನ್ನು ನೋಡಿದವರು ಒಪ್ಪುವುದು ಕಷ್ಟ. ಸ್ವಿಟ್ಜರ್ಲೆಂಡಿನಲ್ಲಿ ವರ್ಷಗಟ್ಟಲೆ ರಾಕೆಟ್ ಹಾರಿಸಿ ಪರೀಕ್ಷಿಸಿದರೂ ಗುಣ ಕಾಣಲಿಲ್ಲ. ಅದಕ್ಕೂ ಮೊದಲು, 1896ರಲ್ಲಿ, ಆಸ್ಟ್ರಿಯಾದ ಆಲ್ಬರ್ಟ್ ಸ್ಟೀಗರ್ ದ್ರಾಕ್ಷಿ ತೋಟ ಉಳಿಸಲು ಮೋಡಕ್ಕೆ ತೋಪು ಹಾರಿಸಿದ. ಇಟಲಿಯವರೂ ಸಾವಿರಾರು ತೋಪು ನಿಲ್ಲಿಸಿದರು. ಸರ್ಕಾರಗಳು ಪರೀಕ್ಷೆಗೆ ಕುಳಿತಾಗ ಆಲಿಕಲ್ಲು ತೋಪಿನ ತಲೆಯ ಮೇಲೇ ಬಿತ್ತು. ಕುಷ್ಟಗಿಯ ದ್ರಾಕ್ಷಿ ಬೆಳೆಗಾರರೇ, ಯಾರಾದರೂ ತೋಪಿಗೆ ಕೊಟೇಶನ್ ತಂದರೆ ನೆನಪಿರಲಿ.

ಎರಡನೆಯ ದಿನ ಅಕ್ಕ ಡಬ್ಬಿ ತೆಗೆದು ಒಂದು ಕಲ್ಲನ್ನು ಈಳಿಗೆಯಲ್ಲಿ ಹೋಳು ಮಾಡಿ ತೋರಿಸಿದಳು. ಒಳಗೆ ಈರುಳ್ಳಿಯಂತೆ ಸುತ್ತುಗಳು, ಒಂದು ಹಾಲಿನಂತೆ ಬಿಳಿ, ಒಂದು ಗಾಜಿನಂತೆ ತಿಳಿ. ಮೇಲೇರುವ ಗಾಳಿ ಅದನ್ನು ಆಕಾಶದಲ್ಲೇ ಹಿಡಿದು ನಿಲ್ಲಿಸಿದಷ್ಟು ಹೊತ್ತೂ ನೀರು ಮೆತ್ತಿಕೊಂಡ ಗುರುತು ಅದು. ಹನಿ ತಟ್ಟನೆ ಹೆಪ್ಪುಗಟ್ಟಿದರೆ ಗಾಳಿ ಸಿಕ್ಕಿಕೊಂಡು ಬಿಳಿ, ನಿಧಾನವಾದರೆ ತಿಳಿ. ಕಡತ ಕೂಡ ಹೀಗೆಯೇ ದಪ್ಪಗಾಗುತ್ತದೆ.

ಸಾಹೇಬರು ಬಂದದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಗಾಳಿಗೆ ಬಾಗಿದ್ದ ಕಂಬ ಬಿದ್ದು ಊರಿಗೆ ಕರೆಂಟಿರಲಿಲ್ಲ. ಅಕ್ಕ ಡಬ್ಬಿ ತಂದು ಮುಂದಿಟ್ಟಳು. ಅವರು ಮುಚ್ಚಳ ತೆಗೆದು ಬಗ್ಗಿ ನೋಡಿ, ಮೂಸಿ, ಪಂಚನಾಮೆಯಲ್ಲಿ ಬರೆದರು: “ಸ್ಥಳದಲ್ಲಿ ಸುಮಾರು ಅರ್ಧ ಲೋಟ ನೀರು ಕಂಡುಬಂದಿದ್ದು, ಉಪ್ಪಿನಕಾಯಿಯ ವಾಸನೆಯಿಂದ ಕೂಡಿದೆ.”

ಭಾವ ಕೆಳಗೆ ಸಹಿ ಮಾಡಿದರು.