ಕಕ್ಕಡದ ಮಳೆಯಲ್ಲಿ ಕಾರು ಹೊರಗೆ ತೆಗೆಯುವುದು

ಡಿಸೆಂಬರ್ ಬಂತೆಂದರೆ ಮನಾಲಿ ಕಡೆಯ ವಿಡಿಯೊಗಳು ಶುರು. ಅಟಲ್ ಸುರಂಗದ ಆಸುಪಾಸಿನಲ್ಲಿ ಮಂಜುಗಡ್ಡೆ ಮೇಲೆ ಕಾರುಗಳು ಬ್ರೇಕ್ ಒತ್ತಿದ ಹಾಗೆಯೇ ಜಾರಿಕೊಂಡು ಹೋಗುತ್ತವೆ, ಇಲ್ಲಿ ಕೂತು ನಾವು ನಗುತ್ತೇವೆ. ಜುಲೈ ಮಧ್ಯದಿಂದ ಶುರುವಾಗುವ ಕಕ್ಕಡ ತಿಂಗಳಲ್ಲಿ ಕೊಡಗಿನ ಗಾಳಿಬೀಡು, ಭಾಗಮಂಡಲ, ಶಾಂತಳ್ಳಿ ಕಡೆಯ ಹೋಂಸ್ಟೇ ಅಂಗಳಕ್ಕೆ ಬೆಳಿಗ್ಗೆ ಹೊತ್ತಿಗೆ ಹೋಗಿ ನೋಡಿ, ಅದೇ ಆಟ. ಅಲ್ಲಿ ಮಂಜುಗಡ್ಡೆ, ಇಲ್ಲಿ ಪಾಚಿ ಮತ್ತು ಕೆಂಪು ಕೆಸರು. ವ್ಯತ್ಯಾಸ ಅಂದರೆ ಹಿಮ ಬೀಳುವ ಊರುಗಳಲ್ಲಿ ಉಪ್ಪು ಚೆಲ್ಲಿ ರಸ್ತೆ ಬಿಡಿಸಿಕೊಳ್ಳುತ್ತಾರೆ, ಇಲ್ಲಿ ಉಪ್ಪು ಜಿಗಣೆ ಬಿಡಿಸುವುದಕ್ಕೆ ಮಾತ್ರ.

ಫೋರ್ ವೀಲ್ ಡ್ರೈವ್ ಇಲ್ಲದವರು ಮಳೆಗಾಲದಲ್ಲಿ ಕೊಡಗಿಗೆ ಬರಲೇಬಾರದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಬೇಕು, ಸರಿ. ತೋಟದ ಮನೆಯ ಅಂಗಳದಿಂದ ಡಾಂಬರು ರಸ್ತೆವರೆಗಿನ ನೂರಿನ್ನೂರು ಅಡಿಗೆ ಸ್ವಿಫ್ಟ್, ಐ10 ಸಾಕು. ಕಾರು ಹೂತುಹೋಗುವುದು ಹೆಚ್ಚಾಗಿ ಹಿಂದಿನ ಸಂಜೆ ನಿಲ್ಲಿಸಿದ ರೀತಿಯಿಂದ, ಬೆಳಿಗ್ಗೆ ಬಲಗಾಲಿನ ಆತುರದಿಂದ.

ಮೊದಲು ನಿಲ್ಲಿಸುವ ವಿಚಾರ. "ಮುಖ ಹೊರಗೆ ಮಾಡಿ ನಿಲ್ಲಿಸಿ" ಅಂತ ಎಲ್ಲರೂ ಹೇಳುತ್ತಾರೆ. ಸಮತಟ್ಟು ಜಾಗಕ್ಕೆ ಸರಿ. ಹೊರಗೆ ಹೋಗುವ ದಾರಿ ಏರು ಇದ್ದರೆ, ಕಾರು ಮುಂದಿನ ಚಕ್ರದಿಂದ ಓಡುವಂಥದ್ದಾದರೆ, ಈ ಸಲಹೆ ಉಲ್ಟಾ ಹೊಡೆಯುತ್ತದೆ. ಏರಿನಲ್ಲಿ ಭಾರವೆಲ್ಲ ತಗ್ಗಿನ ಕಡೆಯ ಚಕ್ರಕ್ಕೆ ಬೀಳುತ್ತದೆ. ಮುಂದಕ್ಕೆ ಹತ್ತಿಸಿದರೆ ಎಳೆಯಬೇಕಾದ ಮುಂದಿನ ಚಕ್ರಗಳು ಹಗುರಾಗಿ ಗಿರ್ರನೆ ತಿರುಗುತ್ತವೆ. ಅದೇ ಕಾರನ್ನು ರಿವರ್ಸ್‌ನಲ್ಲಿ ಹತ್ತಿಸಿದರೆ ಎಂಜಿನ್ನಿನ ಭಾರದ ಜೊತೆಗೆ ಇಳಿಜಾರಿನ ಭಾರವೂ ಅದೇ ಚಕ್ರಗಳ ಮೇಲೆ ಕೂರುತ್ತದೆ. ಹಾಗಾಗಿ ಗಿಡ್ಡ, ಕಡಿದಾದ, ನೇರ ಏರಿದ್ದರೆ ಆಲ್ಟೊ, ಸ್ವಿಫ್ಟ್, ಐ10 ಥರದ ಕಾರುಗಳನ್ನು ಮುಖ ಕೆಳಗೆ ಮಾಡಿಯೇ ನಿಲ್ಲಿಸಿ, ಬೆಳಿಗ್ಗೆ ರಿವರ್ಸ್‌ನಲ್ಲಿ ಹತ್ತಿಸಿ. ಮೇಲೆ ಒಬ್ಬರು ಪಕ್ಕಕ್ಕೆ ನಿಂತು ದಾರಿ ಹೇಳಲಿ, ಕಾರಿನ ನೇರಕ್ಕೆ ಯಾರೂ ಬೇಡ. ಓಮ್ನಿ, ಬೊಲೆರೊ, ಹಳೆಯ ಇನ್ನೋವಾ ಹಿಂದಿನ ಚಕ್ರದ ಗಾಡಿಗಳು. ಅವನ್ನು ಮುಂದಕ್ಕೇ ಹತ್ತಿಸಬೇಕು, ಇಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಚಕ್ರದ ಕಾರಿನಲ್ಲಿ ಹಿಂದೆ ಕೂತವರನ್ನು ಇಳಿಸಿಬಿಡಿ.

ಮೂರು ನಾಲ್ಕು ದಿನ ಮಳೆಯಲ್ಲೇ ನಿಲ್ಲುವ ಕಾರಿಗೆ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬೇಡ. ಗೇರಿಗೆ ಹಾಕಿ, ಚಕ್ರದ ಎರಡೂ ಕಡೆ ಕಲ್ಲು ಕೊಡಿ. ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹಿಂದಿನ ಚಕ್ರ ತಿರುಗದೆ ಎಳೆದುಕೊಂಡೇ ಬರುತ್ತದೆ, ಜನ ಕೆಸರನ್ನು ಬೈಯುತ್ತಾರೆ. ಹೀಗಾದರೆ ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಡದಿದ್ದರೆ ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿದರೆ ಬಿಡುತ್ತದೆ.

ಇನ್ನು ಹೊರಡುವುದು. ಜಾರು ಎರಡು ಬಗೆ, ಔಷಧಿ ಬೇರೆ ಬೇರೆ.

ಒಂದು, ಗಟ್ಟಿ ನೆಲದ ಮೇಲಿನ ತೆಳು ಜಾರು: ಸಿಮೆಂಟಿನ ಇಳಿಜಾರು, ಇಂಟರ್‌ಲಾಕ್, ಕಾಫಿ ಒಣಗಿಸುವ ಕಣ. ಮಳೆಗಾಲದಲ್ಲಿ ಕಣ ಖಾಲಿ, ಕಾಫಿ ಕುಯ್ಲಿನವರೆಗೆ ಅದೇ ಪಾರ್ಕಿಂಗ್. ಓಡಾಟವಿಲ್ಲದ ಮೂಲೆಯಲ್ಲೆಲ್ಲ ಪಾಚಿ, ಅದರ ಮೇಲೆ ಸಿಲ್ವರ್ ಓಕಿನ ನೆನೆದ ಎಲೆ. ಇಲ್ಲಿ ಟಯರಿನ ಗಾಳಿ ಇಳಿಸಿ ಹೆಚ್ಚೇನೂ ಪ್ರಯೋಜನವಿಲ್ಲ. ಎಲೆ ಗುಡಿಸಿ, ಓಡುವ ಎರಡು ಚಕ್ರಗಳ ದಾರಿಗೆ ಎಂ-ಸ್ಯಾಂಡ್ ಅಥವಾ ಕ್ರಷರ್ ಪುಡಿ ಎರಚಿ, ಒಂದೊಂದು ಸಾಲಿಗೆ ಒಂದೊಂದು ಬಾಂಡ್ಲಿ ಸಾಕು. ಒಲೆಯ ಬೂದಿ ಬೇಡ, ನೆನೆದರೆ ಅದೇ ಸಾಬೂನಿನ ಹಾಗೆ. ಸ್ಟೀರಿಂಗ್ ನೇರ ಮಾಡಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ನಿಧಾನ ಬಿಡುತ್ತಾ ಹೊರಡಿ. ಚಕ್ರ ಒಂದು ಸಲ ಸುತ್ತಿತೋ, ಕಾಲು ತೆಗೆಯಿರಿ. ಚಕ್ರ ಸುತ್ತದಂತೆ ತಾನಾಗಿ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಇಲ್ಲಿ ಆನ್ ಇರಲಿ.

ಇದೇ ನೆಲದಲ್ಲಿ ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಫಸ್ಟ್ ಗೇರ್, ಕ್ಲಚ್ ಮೇಲೆ ಕಾಲಿಡಬೇಡಿ, ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡಿ. ಜಾರಲು ಶುರುವಾದರೆ ಕಾಲು ತಾನಾಗಿ ಬ್ರೇಕನ್ನು ಅದುಮುತ್ತದೆ. ಆಗ ಒಂದು ಕ್ಷಣ ಬಿಡಲೇಬೇಕು, ತಿರುಗುವ ಚಕ್ರ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಗಾಬರಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದರೆ ಹಿಂಭಾಗ ಅಡ್ಡಡ್ಡ ತಿರುಗಿ ಚರಂಡಿಗೆ ಇಳಿಯುತ್ತದೆ.

ಎರಡನೆಯದು ಆಳದ ಕೆಸರು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಅಂಶ ಜಾಸ್ತಿ, ಟಯರಿನ ಗೆರೆಗಳಲ್ಲಿ ತುಂಬಿಕೊಂಡರೆ ಹೊಸ ಟಯರೂ ಬೋಳು ಟಯರೇ. ಕಾನೂನಿನ ಪ್ರಕಾರ ಗೆರೆಯ ಆಳ 1.6 ಮಿ.ಮೀ. ಇದ್ದರೆ ಸಾಕು, ಈ ಕೆಸರಿಗೆ ಅದು ಏನೇನೂ ಸಾಲದು, 3 ಮಿ.ಮೀ.ಗಿಂತ ಕಡಿಮೆಯಾದರೆ ಮಳೆಗೆ ಮುಂಚೆ ಬದಲಿಸುವುದೇ ವಾಸಿ. ಹೊರಡುವ ಮುಂಚೆ ಒಂದು ಕೋಲು ತೆಗೆದುಕೊಂಡು ಗೆರೆಯ ಮಣ್ಣು ಕೆರೆಯಿರಿ. ಕೈ ಹೊಲಸಾಗುತ್ತದೆ, ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ.

ಚಕ್ರ ಸುತ್ತಲು ಶುರುವಾದ ಕೂಡಲೇ ಅಂಗಳದಲ್ಲಿ ನಿಂತವರೆಲ್ಲ "ರೇಸ್ ಕೊಡಿ ಸಾರ್, ಇನ್ನೂ ಕೊಡಿ" ಅನ್ನುತ್ತಾರೆ. ಅವರ ಮಾತು ಕೇಳಬೇಡಿ. ಡಿಫರೆನ್ಷಿಯಲ್ ಅನ್ನುವುದು ಸುಲಭವಾಗಿ ತಿರುಗುವ ಚಕ್ರಕ್ಕೇ ಓಟ ಕೊಡುವ ಯಂತ್ರ. ಕೆಸರಿನದು ಗರಗರ ತಿರುಗುತ್ತದೆ, ಗಟ್ಟಿ ನೆಲದ್ದು ಸುಮ್ಮನೆ ನಿಂತಿರುತ್ತದೆ. ಪ್ರತಿ ಸುತ್ತಿಗೂ ಗುಂಡಿ ಆಳವಾಗಿ ಕೊನೆಗೆ ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಹೊಟ್ಟೆ ಕೂತ ಮೇಲೆ ಚಕ್ರದ ಮೇಲೆ ಭಾರವೇ ಇಲ್ಲ, ಯಾವ ಡ್ರೈವಿಂಗೂ ನಡೆಯದು, ಗುದ್ದಲಿಯೇ ಗತಿ.

ಹಾಗಾಗಿ ಕ್ರಮ ಇಷ್ಟು. ನಾಲ್ಕೈದು ಸಲ ಹಿಂದಕ್ಕೆ ಮುಂದಕ್ಕೆ ತೂಗಿ ನೋಡಿ. ಆಟೊಮ್ಯಾಟಿಕ್ ಆದರೆ ಪ್ರತಿ ಸಲ ಪೂರ್ತಿ ನಿಂತ ಮೇಲೆಯೇ ಡಿ ಆರ್ ಬದಲಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸಿಗೆ ಏಟು. ಇಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕಾಗಬಹುದು. ಚಕ್ರ ಸ್ವಲ್ಪ ಸುತ್ತಿದರೂ ಅದು ಎಂಜಿನ್ ಕಟ್ಟಿಹಾಕುತ್ತದೆ. ಹಿಂದಿನ ಚಕ್ರದ ಗಾಡಿಯಲ್ಲಿ ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಮಾತ್ರ ಎಳೆದಿಟ್ಟು ಹೊರಟರೆ ಸುತ್ತುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೂ ಶಕ್ತಿ ಹೋಗುತ್ತದೆ. ಮುಂದಿನ ಚಕ್ರದ ಕಾರಿಗೆ ಈ ಉಪಾಯ ಬರೀ ಎಳೆತ.

ಬರಲಿಲ್ಲವೇ, ಇಳಿಯಿರಿ. 32-33 ಪಿಎಸ್‌ಐ ಗಾಳಿಯನ್ನು 20-22ಕ್ಕೆ ಇಳಿಸಿ, ಟಯರ್ ಅಗಲವಾಗಿ ಕೂರುತ್ತದೆ. ಚಕ್ರದ ಮುಂದಿನ ಗೋಡೆಯಂಥ ಕೆಸರನ್ನು ಇಳಿಜಾರಾಗಿ ಕಡಿದು ಅದರೊಳಗೆ ಕೈಗಾತ್ರದ ಕಲ್ಲು ತುಂಬಿ, ಮೇಲೆ ಗೋಣಿಚೀಲ ಮಡಿಸಿ ಟಯರಿನ ಅಡಿಗೆ ಒತ್ತಿ ತುರುಕಿ. ಉದ್ದಕ್ಕೆ ಬಿಟ್ಟ ಚೀಲ ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ. ಕಾರಿನ ರಬ್ಬರ್ ಮ್ಯಾಟ್ ಹಾಕುವವರಿದ್ದಾರೆ, ಅದು ಹಿಂದೆ ನಿಂತವರ ಮೊಣಕಾಲಿಗೆ ಹಾರುತ್ತದೆ. ಗುಂಡಿ ಆಳವಿದ್ದರೆ ಜಾಕಿನ ಅಡಿಗೆ ಅಡಿ ಅಗಲದ ಗಟ್ಟಿ ಹಲಗೆ ಇಟ್ಟು ಎತ್ತಿ, ಚಕ್ರದ ಅಡಿಗೆ ಕಲ್ಲು ತುಂಬಿ. ಹಲಗೆಯಿಲ್ಲದ ಜಾಕ್ ತಾನೇ ಮುಳುಗುತ್ತದೆ. ಕೈ ಕಾಲು ಕಾರಿನ ಅಡಿಗೆ ಹೋಗಬಾರದು, ಕಲ್ಲನ್ನು ಕೋಲಿನಿಂದ ತಳ್ಳಿ.

ಎಳೆಸಲೇಬೇಕಾದರೆ ಟೂಲ್‌ಕಿಟ್ಟಿನಲ್ಲಿರುವ ಕೊಕ್ಕೆಯನ್ನು ಬಂಪರಿನ ತೂತಿಗೆ ತಿರುಪಿ ಕೊನೆವರೆಗೆ ಬಿಗಿ ಮಾಡಿ. ಹಲವು ಕಾರುಗಳಲ್ಲಿ ಅದರ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು, ಬಲಕ್ಕೆ ತಿರುಗಿಸಿ "ಕೂರುತ್ತಿಲ್ಲ" ಅನ್ನಬೇಡಿ. ಹಗ್ಗ ನೇರ ಇರಲಿ, ಅಡ್ಡ ಎಳೆತ ಬೇಡ. ನಡುವೆ ಒದ್ದೆ ಗೋಣಿ ಹೊದಿಸಿ, ತುಂಡಾದರೆ ಹಗ್ಗ ಚಾಟಿಯಾಗದೆ ಕೆಳಗೆ ಬೀಳುತ್ತದೆ. ಜನ ಹಗ್ಗದ ಒಂದೂವರೆ ಪಟ್ಟು ದೂರ. ಟ್ರ್ಯಾಕ್ಟರಿನವರಿಗೆ ಮೊದಲೇ ಹೇಳಿ, ಜಗ್ಗಬಾರದು, ಸಣ್ಣ ಗೇರಿನಲ್ಲಿ ಹಗ್ಗ ಬಿಗಿಯಾದ ಮೇಲೆ ಒಂದೇ ಸಮನೆ ಎಳೆಯಬೇಕು.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಪ್ರತಿ ಜೂನ್‌ನಲ್ಲಿ ಕೆಸರಿನ ಮೇಲೆ ಒಂದು ಲೋಡ್ ಜಲ್ಲಿ ಸುರಿಸಿದರೆ ಆಗಸ್ಟ್ ಹೊತ್ತಿಗೆ ಅದು ಮಣ್ಣಿನೊಳಗೆ ಮಾಯ. ಬೇಸಿಗೆಯಲ್ಲೇ ಮೇಲಿನ ಮೆತು ಮಣ್ಣು ತೆಗೆಸಿ, ಅರ್ಧ ಮುಕ್ಕಾಲು ಅಡಿ ಬೋಲ್ಡರ್ ಸೋಲಿಂಗ್, ಅಂದರೆ ದಪ್ಪ ಕಲ್ಲಿನ ಹಾಸು ಹಾಕಿ, ಮೇಲೆ 40 ಮಿ.ಮೀ. ಜಲ್ಲಿ, ಅದರ ಮೇಲೆ ಕ್ರಷರ್ ಪುಡಿ. ಬರೆಯ, ಅಂದರೆ ಪಕ್ಕದ ಕಡಿದಾದ ಮಣ್ಣಿನ ದಿಣ್ಣೆಯ ಕಡೆಯಿಂದ ನೀರು ಬರದ ಹಾಗೆ ಮೊದಲು ಚರಂಡಿ, ಅದಿಲ್ಲದಿದ್ದರೆ ಉಳಿದ ಖರ್ಚೆಲ್ಲ ದಂಡ. ಸಿಮೆಂಟಿನ ಇಳಿಜಾರು ಹಸಿ ಇರುವಾಗಲೇ ಅಡ್ಡಕ್ಕೆ ಗೀರು ಎಳೆಸಿ. ಪಾಚಿಗೆ ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ. ಅದಕ್ಕೆ ಬಾತ್‌ರೂಮಿನ ಆಸಿಡ್ ಬೆರೆಸಬೇಡಿ, ಬರುವುದು ಕ್ಲೋರಿನ್ ವಿಷಗಾಳಿ. ತೊಳೆದ ನೀರು ಕೆರೆ ಬಾವಿಗೆ ಹೋಗದಿರಲಿ.

ಡಾಂಬರಿಗೆ ಬಂದ ಮೇಲೆ ಗಾಳಿ ತುಂಬುವವರೆಗೆ 30 ಕಿ.ಮೀ. ವೇಗ ದಾಟಬೇಡಿ, ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಬಹುದು. ಮೊದಲ ಅರ್ಧ ಕಿಲೋಮೀಟರು ಬ್ರೇಕನ್ನು ಆಗಾಗ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ಕುಶಾಲನಗರ ದಾಟಿ ವೇಗ ಹಿಡಿದಾಗ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮುಂಚೆ ರಿಮ್ಮಿನ ಒಳಭಾಗಕ್ಕೆ ಕೈ ಹಾಕಿ ನೋಡಿ. ಸಾಮಾನ್ಯವಾಗಿ ಅಲ್ಲಿ ಒಣಗಿ ಕೂತಿರುವುದು ನಮ್ಮ ಮಣ್ಣೇ.