ಸೀಟು ಎಳೆದುಕೊಳ್ಳೋಕೆ ಅರ್ಧ ನಿಮಿಷ ಬಿಡಿ

ಬೆಳಿಗ್ಗೆಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತಾ ನೋಡೋಣ ಅಂತ ಕೂತಿದ್ದೇನೆ.

ಇಲ್ಲೇ ತುಮಕೂರಿನಲ್ಲಿ ಅಕ್ಕನ ಮಗಳ ಡ್ರೈವಿಂಗ್ ಟೆಸ್ಟಿಗೆ ಜೊತೆಗೆ ಹೋಗಿದ್ದೆ. ನಮ್ಮ ಹುಡುಗಿ ಪಾಸಾದಳು. ತುಂಬಾ ಖುಷಿ ಆಯಿತು. ಆದರೆ ಅವಳಿಗಿಂತ ಮುಂಚೆ ಕಾರು ಹತ್ತಿದ ಒಬ್ಬ ಹೆಂಗಸಿನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಲವತ್ತರ ಆಸುಪಾಸಿನವರು. ಡ್ರೈವಿಂಗ್ ಸ್ಕೂಲಿನ ಕಾರು. ಅದೇ ಕಾರಲ್ಲಿ ಆಗಷ್ಟೇ ಟೆಸ್ಟ್ ಕೊಟ್ಟು ಇಳಿದವನು ಒಬ್ಬ ಎತ್ತರದ ಹುಡುಗ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಂಡಿದ್ದ, ಹಾಗೇ ಬಿಟ್ಟು ಹೋದ. ಇವರು ಹತ್ತಿ ಕೂತರು. ಎಡಗಾಲಿನ ತುದಿ ಮಾತ್ರ ಕ್ಲಚ್ಚಿಗೆ ತಾಗುತ್ತಿತ್ತು. ಬೆನ್ನು ಸೀಟಿಗೆ ತಾಗುತ್ತಿರಲಿಲ್ಲ. ಮುಂದಕ್ಕೆ ಜಾರಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಕೂತಿದ್ದರು. ಸೀಟು ಎಳೆದುಕೊಳ್ಳೋದು ಗೊತ್ತಿಲ್ಲದೆ ಅಲ್ಲ. ಕೈ ಒಂದು ಸಲ ಸೀಟಿನ ಕೆಳಗಿನ ಲಿವರ್ ಹುಡುಕಿಕೊಂಡು ಹೋಯಿತು, ನಾನೇ ನೋಡಿದೆ. ಅಷ್ಟರಲ್ಲಿ ಹೊರಗಿನಿಂದ ಗಂಡನ ಕೂಗು. "ಏನೇ ಮಾಡ್ತಿದ್ದೀಯ ಅಲ್ಲಿ? ಸ್ಟಾರ್ಟ್ ಮಾಡು! ಸಾಹೇಬ್ರು ಕಾಯ್ತಿದ್ದಾರೆ!" ಸ್ಕೂಲಿನವನೂ ಸೇರಿಕೊಂಡ. "ಬೇಗ ಮೇಡಂ, ಹಿಂದೆ ಇನ್ನೂ ಜನ ಇದ್ದಾರೆ." ಕೈ ಹಾಗೇ ವಾಪಸ್ ಬಂತು. ಸೆರಗಿಗೆ ಅಂಗೈ ಒರೆಸಿಕೊಂಡು ಕೀ ತಿರುಗಿಸಿದರು.

ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಬೇಲಿ ಪಕ್ಕ ನಿಂತಿದ್ದ ನಾಲ್ಕೈದು ಜನ ನಕ್ಕರು. ಗಂಡನೂ ನಕ್ಕ. "ಮನೇಲೇ ಹೇಳಿದ್ದೆ, ಇವಳ ಕೈಲಿ ಆಗಲ್ಲ ಅಂತ" ಎಂದು ಪಕ್ಕದವರಿಗೆ ಹೇಳಿದ.

ಟೆಸ್ಟ್ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಒಂದು ಮಾತೂ ಬೈಯಲಿಲ್ಲ. ಇದನ್ನು ಒತ್ತಿ ಹೇಳಬೇಕು. "ನಿಧಾನಕ್ಕೆ ಮಾಡಿ" ಅಂದರು, ಕಾದರು. ಆ ಹೆಂಗಸನ್ನು ಹೆದರಿಸಿದ್ದು ಅವರ ಪರವಾಗಿ ಬಂದಿದ್ದ ಜನ. ನನ್ನ ಸಿಟ್ಟೆಲ್ಲ ಅದಕ್ಕೇ.

ಒಂದು ವಿಷಯ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 15ನೇ ನಿಯಮದಲ್ಲಿ ಟೆಸ್ಟ್ ಕೊಡುವವರು ಏನೇನು ಮಾಡಿ ತೋರಿಸಬೇಕು ಅಂತ ಪಟ್ಟಿ ಇದೆ. ಪಟ್ಟಿಯಲ್ಲಿ ಮೊಟ್ಟಮೊದಲು ಬರೋದು ಏನು ಗೊತ್ತಾ? ಹಿಂದಿನದು ಕಾಣುವ ಕನ್ನಡಿ ಸರಿ ಮಾಡಿಕೊಳ್ಳೋದು. ಎರಡನೆಯದು, ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ತೆಗೆದುಕೊಳ್ಳಬೇಕಾದ ಎಚ್ಚರಿಕೆ. ಗಾಡಿ ಕದಲಿಸೋದು ಅದಾದ ಮೇಲೆ. ಅಂದರೆ ಸೀಟು, ಕನ್ನಡಿ, ಬೆಲ್ಟ್, ಹ್ಯಾಂಡ್ ಬ್ರೇಕ್, ನ್ಯೂಟ್ರಲ್ ನೋಡಿಕೊಳ್ಳುವ ಆ ಅರ್ಧ ನಿಮಿಷವೂ ಟೆಸ್ಟೇ. ಅದನ್ನು ಕಾನೂನೇ ಕೊಟ್ಟಿದೆ. ಅದನ್ನು ಕಿತ್ತುಕೊಳ್ಳೋಕೆ ಬೇಲಿ ಪಕ್ಕ ನಿಂತವರು ಯಾರು?

ಆ ಅರ್ಧ ನಿಮಿಷ ಹೋದರೆ ಏನಾಗುತ್ತದೆ ಅನ್ನೋದು ಕಣ್ಣೆದುರೇ ಇತ್ತು. ಇಂಜಿನ್ ಸುಮ್ನೆ ಗುರ್ ಅನ್ನುತ್ತಿರುವಾಗ ಅದಕ್ಕೆ ಬಲ ಕಮ್ಮಿ. ಕ್ಲಚ್ ಮೆಲ್ಲಗೆ ಬಿಟ್ಟರೆ ಗಾಡಿಯ ಭಾರ ಸ್ವಲ್ಪ ಸ್ವಲ್ಪವೇ ಅದರ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಹೊರಡುತ್ತದೆ. ಸೀಟು ದೂರ ಇದ್ದರೆ ಕಾಲು ಪೂರ್ತಿ ಚಾಚಿರುತ್ತದೆ. ಹೆಬ್ಬೆರಳಲ್ಲಿ ಒತ್ತಿದ ಕ್ಲಚ್ಚನ್ನು ಮೆಲ್ಲಗೆ ಬಿಡೋಕೆ ಯಾರಿಗೂ ಆಗಲ್ಲ. ಜೊತೆಗೆ ಕಾಲು ನಡುಗುತ್ತಿದೆ. ಕ್ಲಚ್ ಒಮ್ಮೆಲೇ ಬಿಟ್ಟುಹೋಗುತ್ತದೆ, ಗಾಡಿ ಆಫ್. ಇದರಲ್ಲಿ ಆ ತಾಯಿಯ ತಪ್ಪು ಏನಿದೆ? ಸೀಟು ನಾಲ್ಕು ಇಂಚು ಮುಂದೆ ಬಂದಿದ್ದರೆ ಅವರು ಹೋಗಿಬಿಡುತ್ತಿದ್ದರು ಅಂತ ನನಗೆ ಖಂಡಿತ ಅನಿಸುತ್ತದೆ.

ನಾನು ಟೀಚರ್ ಅನ್ನೋದು ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯಲ್ಲಿ ಎಷ್ಟೋ ವರ್ಷದಿಂದ ನಿಲ್ಲುತ್ತಿದ್ದೇನೆ. ಗೇಟಿನವರೆಗೂ ಅಪ್ಪನ ಉಪದೇಶ ಕೇಳಿಸಿಕೊಂಡು ಬರುವ ಮಗುವಿಗೆ ಪ್ರಶ್ನೆಪತ್ರಿಕೆಯ ಮೊದಲ ಸಾಲು ಕಣ್ಣಿಗೆ ಹತ್ತಲ್ಲ. ಓದಿದ್ದೆಲ್ಲ ತಲೆಯಲ್ಲಿ ಇರುತ್ತದೆ, ಕೈಗೆ ಬರಲ್ಲ. ಅಂಥ ಮಗುವಿನ ಹತ್ತಿರ ಹೋಗಿ ನಾನು "ಹೆದರಬೇಡ" ಅನ್ನಲ್ಲ. ಹೆದರಬೇಡ ಅಂದ ಕೂಡಲೇ ಹೆದರುವಂಥದ್ದು ಏನೋ ಇದೆ ಅಂತ ಗಟ್ಟಿಯಾಗುತ್ತದೆ. "ನೀರು ಕುಡಿ, ಪೆನ್ ಕೆಳಗಿಡು, ಪೂರ್ತಿ ಒಂದು ಸಲ ಓದು, ಆಮೇಲೆ ಬರಿ" ಅನ್ನುತ್ತೇನೆ. ಮಾಡೋಕೆ ಒಂದು ಕೆಲಸ ಸಿಕ್ಕರೆ ಕೈ ನಡುಕ ಕಡಿಮೆಯಾಗುತ್ತದೆ.

ನಮ್ಮ ಹುಡುಗಿಗೂ ಅದನ್ನೇ ಮಾಡಿದೆವು. ಅವಳಿಗೆ ಕಲಿಸಿದ ಹುಡುಗ ಬಂಗಾರದಂಥವನು. ಕಾರು ನಿಲ್ಲಿಸಿ, ಇಂಜಿನ್ ಆಫ್ ಇಟ್ಟು, ಬಾಯಿ ಬಿಟ್ಟು ಹೇಳಿಸುತ್ತಿದ್ದ. "ಸೀಟು. ಕನ್ನಡಿ. ಬೆಲ್ಟ್. ನ್ಯೂಟ್ರಲ್. ಕ್ಲಚ್. ಕೀ." ದಿನಾ ಹೇಳಿ ಹೇಳಿ ಅವಳಿಗೆ ಬಾಯಿಪಾಠ ಆಗಿಹೋಗಿತ್ತು. ಇವತ್ತು ಕಾರು ಹತ್ತಿದ ಮೇಲೂ ಅವಳ ತುಟಿ ಅಲ್ಲಾಡುತ್ತಿದ್ದದ್ದು ನನಗೆ ದೂರದಿಂದಲೇ ಕಂಡಿತು. ಗಾಡಿ ಆಫ್ ಆದರೆ ಏನು ಮಾಡಬೇಕು ಅಂತಲೂ ಅವನು ಬೇಕಂತಲೇ ಆಫ್ ಮಾಡಿಸಿ ಕಲಿಸಿದ್ದ. ಬ್ರೇಕ್ ಒತ್ತು, ಕ್ಲಚ್ ಒತ್ತು, ನ್ಯೂಟ್ರಲ್ಲಿಗೆ ತಾ, ಉಸಿರು ನಿಧಾನವಾಗಿ ಹೊರಗೆ ಬಿಡು, ಆಮೇಲೆ ಕೀ. ಉಸಿರು ಎಳೆಯೋದಕ್ಕಿಂತ ಬಿಡೋದು ಉದ್ದ ಇದ್ದರೆ ಎದೆಬಡಿತ ಇಳಿಯುತ್ತದೆ. ಇದು ಯಾವ ವಯಸ್ಸಿನವರಿಗೂ ಆಗುತ್ತದೆ, ಮಾಡಿ ನೋಡಿ.

ನಾನು ಅವಳಿಗೆ ಹೇಳಿದ್ದು ಇನ್ನೊಂದು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ಫೇಲಾದರೆ ಏನಾಗುತ್ತೆ ಚಿಕ್ಕಮ್ಮ?" ಅಂತ ಕೇಳಿದಳು. ಮನೆಯಲ್ಲಿ ಎಲ್ಲರೂ "ಫೇಲ್ ಅನ್ನೋ ಮಾತೇ ಆಡಬೇಡ" ಅಂತ ಬಾಯಿ ಮುಚ್ಚಿಸಿದರು. ನಾನು ಹೇಳಿದೆ. ಏಳು ದಿನ ಆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು, ಮೋಟಾರು ವಾಹನ ಕಾಯ್ದೆ 1988ರಲ್ಲೇ ಹಾಗಿದೆ. ಮೂರು ಸಲವೂ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು. ಎಲ್‌ಎಲ್‌ಆರ್, ಅಂದರೆ ಕಲಿಯುವವರಿಗೆ ಕೊಡುವ ಲೈಸೆನ್ಸ್, ಆರು ತಿಂಗಳು ನಡೆಯುತ್ತದೆ, ಅದು ಸಿಕ್ಕಿ 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಅಂದರೆ ಸಮಯ ಬೇಕಾದಷ್ಟಿದೆ. ಅಷ್ಟೇ ತಾನೇ ಅಂದಳು, ಇನ್ನೊಂದು ಚಪಾತಿ ಹಾಕಿಸಿಕೊಂಡಳು. ಫೇಲಾದರೆ ಏನು ಅಂತ ತಿಳಿದಿದ್ದರೆ ಎಷ್ಟು ಸಮಾಧಾನ! ನಾವು ಅದನ್ನೇ ಮುಚ್ಚಿಡುತ್ತೇವೆ.

ಸ್ಕೂಟರಿನವರ ಕಡೆಯೂ ಇವತ್ತು ಇದೇ ಗೋಳು. 8ರ ಆಕಾರದಲ್ಲಿ ಗಾಡಿ ಸುತ್ತಿಸಿ ಎಂಟು ಹಾಕುವಾಗ ಕಾಲು ಊರಬಾರದು ಅಂತ ಎಲ್ಲರಿಗೂ ಗೊತ್ತು. ಹಾಗಂತ ಪಕ್ಕದಿಂದ "ಕಾಲು! ಕಾಲು!" ಅಂತ ಕೂಗಿದರೆ ಓಡಿಸುವವರು ಕಾಲನ್ನೇ ನೋಡುತ್ತಾರೆ. ಕೆಳಗೆ ನೋಡಿದ ಕೂಡಲೇ ಗಾಡಿ ವಾಲುತ್ತದೆ. ಎಂಟಿನಲ್ಲಿ ಕಣ್ಣು ಮುಂದೆ ತಿರುಗಬೇಕಾದ ಕಡೆ ಇರಬೇಕು, ಆಕ್ಸಿಲರೇಟರ್ ಒಂದೇ ಸಮ ಇರಬೇಕು, ಹಿಂದಿನ ಬ್ರೇಕ್ ಸ್ವಲ್ಪವೇ ತಾಗಿಸಬೇಕು. ಕೂಗುವವರಿಂದಲೇ ಅದು ಕೆಡುತ್ತದೆ. ಒಬ್ಬ ಕಾಲೇಜು ಹುಡುಗ ಹಾಗೇ ಕಾಲು ಊರಿಬಿಟ್ಟ. ಕೂಗಿದವನು ಅವನ ಸ್ನೇಹಿತನೇ.

ಇದನ್ನೆಲ್ಲ ಅಲ್ಲೇ ಒಬ್ಬರ ಹತ್ತಿರ ಹೇಳಿದೆ. ಅವರ ಉತ್ತರ, "ಮೇಡಂ, ಇಷ್ಟಕ್ಕೇ ಹೆದರೋರು ನಾಳೆ ಬಿ.ಎಚ್. ರಸ್ತೇಲಿ ಹೆಂಗೆ ಓಡಿಸ್ತಾರೆ? ಶಿರಾ ಗೇಟ್ ಹತ್ರ ಬಸ್ಸು ಹಾರನ್ ಹೊಡೆದ್ರೆ ನಿಲ್ಲಿಸಿ ಅಳ್ತಾರಾ?" ಕೇಳೋಕೆ ಸರಿ ಅನಿಸುತ್ತದೆ. ರಸ್ತೆ ಸಲೀಸು ಅಂತ ನಾನೂ ಅನ್ನಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಬಲಿಯಾದರು, ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಟೆಸ್ಟ್ ಬಿಗಿಯಾಗಿಯೇ ಇರಲಿ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡೋದು ಕೂಡ ಆ 15ನೇ ನಿಯಮದಲ್ಲಿದೆ. ಅದನ್ನೂ ತಪ್ಪದೆ ಮಾಡಿಸಲಿ. ದೇವರಾಯನದುರ್ಗದ ಬೆಟ್ಟದ ತಿರುವಿನಲ್ಲಿ ಮುಂದಿನ ಗಾಡಿ ನಿಂತರೆ ಬೇಕಾಗೋದು ಅದೇ ತಾನೇ. ಆದರೆ ಬೇಲಿ ಪಕ್ಕದ ನಗು ಯಾವ ನಿಯಮದಲ್ಲಿದೆ? ರಸ್ತೆಯಲ್ಲಿ ಬಸ್ಸಿನವನು ಹಾರನ್ ಹೊಡೆದು ಹೋಗಿಬಿಡುತ್ತಾನೆ. ನಿಮ್ಮ ಹೆಸರು ಹಿಡಿದು, ನಿಮ್ಮ ಕೈಲಿ ಆಗಲ್ಲ ಅಂತ ಹೇಳಿ, ಸಂಜೆ ಮನೆಗೆ ಬಂದು ಊಟಕ್ಕೂ ಕೂರಲ್ಲ. ಅವಮಾನ ತಡೆದುಕೊಂಡವರು ಒಳ್ಳೆ ಡ್ರೈವರ್ ಆಗುತ್ತಾರೆ ಅನ್ನುವ ವಾದವನ್ನು ನಾನು ಒಪ್ಪೋದೇ ಇಲ್ಲ.

ಈ ಹೆದರಿಕೆಯಿಂದ ಇನ್ನೊಂದು ಕೆಟ್ಟದ್ದೂ ಹುಟ್ಟುತ್ತದೆ. ಹೆದರಿ ಹೆದರಿ ಸಾಕಾದವರು "ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸಿಕೊಂಡರೆ ಆಯ್ತು" ಅನ್ನುವ ಕಡೆ ವಾಲುತ್ತಾರೆ. ಕಲಿತಿದ್ದವರು ಕೂಡ! ರಸ್ತೆಗೆ ನಿಜವಾಗಿ ಅಪಾಯ ಆಗೋದು ಅಲ್ಲಿ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತ ಅಕ್ಕ ಕೇಳಿದಳು. ಅವಳಿಗೇ ಗೊತ್ತು, ಆದರೂ ಕೇಳಿದಳು. ನಮ್ಮಮ್ಮ ಸ್ಕೂಟರ್ ಕಲಿಯೋಕೆ ಶುರು ಮಾಡಿದ್ದರು, ನಾವಿಬ್ಬರೂ ಚಿಕ್ಕವರಿದ್ದಾಗ. ಅಮಾನಿಕೆರೆ ಕಡೆ ಬೆಳಿಗ್ಗೆ ಹೋಗೋದು. ಒಂದು ದಿನ ಮಾವಂದಿರು ನೋಡೋಕೆ ಬಂದರು. ಅಮ್ಮ ಬೀಳಲೂ ಇಲ್ಲ, ಸ್ವಲ್ಪ ವಾಲಿ ನಿಲ್ಲಿಸಿದರು ಅಷ್ಟೇ. ಅವರು ನಕ್ಕ ನಗು ಹಬ್ಬ ಹರಿದಿನಕ್ಕೆಲ್ಲ ಮುಂದುವರಿಯಿತು. ಅಮ್ಮ ಮತ್ತೆ ಸ್ಕೂಟರ್ ಮುಟ್ಟಲಿಲ್ಲ. ಇವತ್ತಿಗೂ ಬಟವಾಡಿಯಿಂದ ಸಿದ್ಧಗಂಗಾ ಮಠಕ್ಕೆ ಹೋಗಬೇಕು ಅಂದರೆ ಯಾರಾದರೂ ಬಿಡುವಾಗಲಿ ಅಂತ ಕಾಯುತ್ತಾರೆ. ಎಷ್ಟು ಚೆನ್ನಾಗಿ ಓಡಿಸುತ್ತಿದ್ದರು ಗೊತ್ತಾ ನಮ್ಮಮ್ಮ! ಹಿಂದಿನ ಸೀಟಲ್ಲಿ ಕೂತು ಹೋಗಿದ್ದೇನೆ ನಾನು.

ಹಾಗಾಗಿ ಕೇಳುತ್ತಿದ್ದೇನೆ. ಮನೆಯಲ್ಲಿ ಯಾರಾದರೂ ಟೆಸ್ಟಿಗೆ ಹೊರಟಿದ್ದರೆ ಹೊಟ್ಟೆಗೆ ಏನಾದರೂ ತಿನ್ನಿಸಿ ಕರೆದುಕೊಂಡು ಹೋಗಿ. ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ ಆದರೂ ಸಾಕು, ಖಾಲಿ ಹೊಟ್ಟೆಯಲ್ಲಿ ಕೈ ನಡುಕ ಇನ್ನೂ ಜಾಸ್ತಿ. ಕಾಗದಪತ್ರ ಎಲ್ಲ ನೀವೇ ಹಿಡಿದುಕೊಳ್ಳಿ. ಅವರು ಕಾರು ಹತ್ತಿದ ಮೇಲೆ ದೂರ ಹೋಗಿ ನಿಲ್ಲಿ, ಬಾಯಿ ಬಿಡಬೇಡಿ. ಡ್ರೈವಿಂಗ್ ಸ್ಕೂಲಿನವರೇ, ಒಬ್ಬರು ಇಳಿದ ಮೇಲೆ ಸೀಟು ಸರಿ ಮಾಡಿ ಇನ್ನೊಬ್ಬರನ್ನು ಹತ್ತಿಸೋಕೆ ನಿಮಗೆ ಎಷ್ಟು ಹೊತ್ತು ಬೇಕು?

ಬೆಳಿಗ್ಗೆ ಆ ಹೆಂಗಸಿನ ಹೆಸರು ಕೇಳೋಕೂ ಆಗಲಿಲ್ಲ, ಗಂಡನ ಗಾಡಿ ಹತ್ತಿ ಹೋಗಿಬಿಟ್ಟರು. ಯಾರಿಗಾದರೂ ಗುರುತಿದ್ದರೆ ಈ ಬರಹ ತಲುಪಿಸಿ. ಅವರಿಗೆ ಮಾತ್ರ ಅಂತಲ್ಲ, ಎಲ್‌ಎಲ್‌ಆರ್ ಇರುವ ಯಾರೇ ಆಗಲಿ, ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ. ನಮ್ಮ ಕಾರು ಹಳೆಯದು, ಎಲ್ ಬೋರ್ಡ್ ಇನ್ನೂ ಇದೆ, ನನ್ನ ಲೈಸೆನ್ಸ್ ಇದೆ, ಪಕ್ಕದಲ್ಲಿ ಕೂರುತ್ತೇನೆ. ಖಾಲಿ ಜಾಗ ನೋಡಿ ಹೋಗೋಣ, ಎಷ್ಟು ಸಲ ಆಫ್ ಆದರೂ ಪರವಾಗಿಲ್ಲ. ಇನ್‌ಬಾಕ್ಸಿಗೆ ಒಂದು ಮೆಸೇಜ್ ಹಾಕಿ. ಗಂಡ, ಅಣ್ಣ, ಮಾವ ಯಾರನ್ನೂ ಜೊತೆಗೆ ಕರೆತರಬೇಡಿ.