ಒಂದೇ ಕೆನ್ನೆ ಬೆವರಿದರೆ ಅದು ಅಲರ್ಜಿಯೇ? ಸತ್ಯಾಂಶ

"ಊಟ ಮಾಡುವಾಗ ಒಂದು ಕಡೆ ಕೆನ್ನೆ ಮಾತ್ರ ಕೆಂಪಾಗಿ ಬೆವರಿದರೆ ಅದು ಅಲರ್ಜಿ, ಆ ಆಹಾರ ಇವತ್ತೇ ಬಿಟ್ಟುಬಿಡಿ" ಎಂಬ ಸಂದೇಶ ಓಡಾಡುತ್ತಿದೆ. ಸುಮ್ನೆ ಊಟ ಬಿಡಬೇಡಿ. ಇದು ಬಹುತೇಕ ಫ್ರೇ ಸಿಂಡ್ರೋಮ್ ಎಂಬ ನರದ ತೊಂದರೆಯ ಲಕ್ಷಣ.

ಕಿವಿಯ ಮುಂದೆ ಪೆರೋಟಿಡ್ ಎಂಬ ಜೊಲ್ಲುಗ್ರಂಥಿ ಇದೆ. ಅಲ್ಲಿ ಆಪರೇಷನ್ ಆದಾಗ ಅಥವಾ ಪೆಟ್ಟು ಬಿದ್ದಾಗ ಜೊಲ್ಲು ಸುರಿಸಲು ಹೇಳುವ ನರದ ಎಳೆಗಳು ತುಂಡಾಗಬಹುದು. ಅವು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಚರ್ಮದ ಬೆವರುಗ್ರಂಥಿ, ರಕ್ತನಾಳಗಳಿಗೆ ಸೇರಿಕೊಳ್ಳುತ್ತವೆ. ಆಮೇಲೆ ಬಾಯಲ್ಲಿ ನೀರೂರಬೇಕಾದಾಗ ಕೆನ್ನೆಯೂ ಬೆವರುತ್ತದೆ! ನರ ಬೆಳೆಯುವುದು ನಿಧಾನ. ಹಾಗಾಗಿ ಆಪರೇಷನ್ ಆಗಿ ಎಷ್ಟೋ ತಿಂಗಳ ನಂತರ ಇದು ಶುರುವಾಗುತ್ತದೆ, ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಪೋಲೆಂಡಿನ ನರತಜ್ಞೆ ಲೂಸಿಯಾ ಫ್ರೇ 1923ರಲ್ಲಿ ಇದನ್ನು ವಿವರಿಸಿದರು.

ಹುಳಿ ತಿಂದಾಗ ಜಾಸ್ತಿ, ಅಲ್ವಾ? ಜೊಲ್ಲು ಜಾಸ್ತಿ ಬರುವುದೇ ಕಾರಣ. ಇಕ್ಕಳ ಹಾಕಿ ಹೆರಿಗೆ ಮಾಡಿಸಿದ ಕೆಲವು ಮಕ್ಕಳಲ್ಲೂ ಕೆನ್ನೆ ಹೀಗೆ ಕೆಂಪಾಗುತ್ತದೆ. ಅದನ್ನೂ ಅಲರ್ಜಿ ಎಂದುಕೊಳ್ಳುವುದುಂಟು.

ಪತ್ತೆ ಮಾಡುವ ವಿಧಾನ ನನಗಂತೂ ಇಷ್ಟ: ಕೆನ್ನೆಗೆ ಅಯೋಡಿನ್ ಹಚ್ಚಿ ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸಿ, ತಿನ್ನಲು ಕೊಡುತ್ತಾರೆ. ಬೆವರಿದ ಜಾಗ ಕಡುನೀಲಿಯಾಗುತ್ತದೆ.

ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಅಥವಾ ಬಾಯಿ ಸೊಟ್ಟಗಾದರೆ ಅದು ಬೇರೆ ವಿಷಯ, ತಕ್ಷಣ ಆಸ್ಪತ್ರೆಗೆ ಹೋಗಿ. ಬರೀ ಬೆವರಾದರೆ ಅಪಾಯವಿಲ್ಲ. ತೊಂದರೆ ಎನಿಸಿದರೆ ಬೆವರು ತಡೆಯುವ ಬೊಟುಲಿನಮ್ (ಬೊಟಾಕ್ಸ್) ಇಂಜೆಕ್ಷನ್ ಇದೆ. ಅದರ ಪರಿಣಾಮ ಕೆಲವು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಹಾಕಿಸಿಕೊಳ್ಳಬೇಕಾಗಬಹುದು.